ಬುತ್ತಿಯಲ್ಲಿ ತತ್ತಿ

ತತ್ತಿ ಕುದಿಸುವುದರಲ್ಲಿ ಹೇಳಿಕೊಡುವುದೇನಿದೆ ಎಂದು ನೀವು ನಗಬಹುದು. ಕುದಿಸುವುದು ಸುಲಭವೇ, ಕುದಿಸಿದ್ದನ್ನು ಇಡುವುದರಲ್ಲಿ ನಾವು ತಪ್ಪುತ್ತೇವೆ. ಬಾಗಲಕೋಟೆ, ಹುನಗುಂದ, ಇಳಕಲ್ಲಿನಿಂದ ಬಾದಾಮಿಯ ಗುಹೆಗಳನ್ನು ನೋಡಲು ಹೊರಟವರು ಮಧ್ಯಾಹ್ನ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚುತ್ತಾರೆ. ಮಂಗಗಳು ಬಿಟ್ಟರೆ ಊಟ! ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳಿಗೆ ಬಿಸಿಲಿನ ಭಯವಿಲ್ಲ. ತತ್ತಿಯ ಮಾತು ಬೇರೆ.

ಹಸಿ ತತ್ತಿಯ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದಂಥ ತೆಳುವಾದ ಲೇಪವಿದ್ದು, ಚಿಪ್ಪಿನ ಸಣ್ಣ ರಂಧ್ರಗಳನ್ನು ಅದು ಮುಚ್ಚಿರುತ್ತದೆ. ಕುದಿಸಿದಾಗ ಆ ಲೇಪ ಹೋಗುತ್ತದೆ. ಆದ್ದರಿಂದಲೇ, ನಂಬಲು ಕಷ್ಟವಾದರೂ, ಕುದಿಸಿದ ತತ್ತಿ ಹಸಿಯದಕ್ಕಿಂತ ಬೇಗ ಕೆಡುತ್ತದೆ. ಹೊರಗಿಟ್ಟರೆ ಎರಡು ಗಂಟೆಯೊಳಗೆ ತಿನ್ನಬೇಕು. 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ ಎಂಬುದು ಆಹಾರತಜ್ಞರ ಲೆಕ್ಕ. ನಮ್ಮ ಬೇಸಿಗೆಯೋ 40 ಡಿಗ್ರಿಯದು! ಮಕ್ಕಳಿಗೆ ವಾಂತಿ ಭೇದಿ ಹತ್ತಿದರೆ ಪ್ರವಾಸ ಅಲ್ಲಿಗೇ ಮುಗಿಯಿತು.

ತತ್ತಿಗಳು ಮುಳುಗಿ ಮೇಲೆ ಒಂದು ಅಂಗುಲ ನಿಲ್ಲುವಷ್ಟು ತಣ್ಣೀರು ಹಾಕಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಬಿಡಿರಿ. ಹಳದಿ ಪೂರ್ತಿ ಗಟ್ಟಿಯಾಗಲಿ. ಅರೆಬೆಂದದ್ದು ಮಕ್ಕಳಿಗೆ ಬೇಡ. ಆರಿಸುವ ನೀರು ಮಾತ್ರ ಕುಡಿಯುವ ನೀರೇ ಆಗಿರಬೇಕು, ಬಚ್ಚಲ ಬಕೀಟಿನದಲ್ಲ. ತತ್ತಿ ತಣ್ಣಗಾಗುವಾಗ ಆ ರಂಧ್ರಗಳ ಮೂಲಕ ಹೊರಗಿನ ನೀರನ್ನು ಒಳಕ್ಕೆಳೆದುಕೊಳ್ಳಬಲ್ಲದು. ಹಳದಿಯ ಸುತ್ತ ಹಸಿರು ಬಳೆ ಕಂಡರೆ ಹೆದರಬೇಡಿರಿ. ಹೆಚ್ಚು ಹೊತ್ತು ಬೆಂದಾಗ ಕಬ್ಬಿಣಾಂಶಕ್ಕೆ ಗಂಧಕ ಕೂಡಿ ಹಾಗಾಗುತ್ತದೆ.

ಮಂಜುಗಡ್ಡೆಯ ಡಬ್ಬಿಯಿಲ್ಲದೆ ಮಧ್ಯಾಹ್ನದ ಬುತ್ತಿಗೆ ತತ್ತಿ ಕಟ್ಟಬೇಡಿರಿ. ಹೊರಡುವ ಮುನ್ನ ಮನೆಯಲ್ಲಿಯೇ ಸುಲಿದು, ಉಪ್ಪು, ಮೆಣಸಿನ ಪುಡಿ ಉದುರಿಸಿ ನಾಷ್ಟಾಕ್ಕೆ ಕೊಟ್ಟುಬಿಡಿರಿ.