ಮೊದಲು ಪ್ರಶ್ನೆ, ಆಮೇಲೆ ಫಾರ್ಮ್: ಮದ್ರಾಸಿನ ಟಿಬಿ ಅಧ್ಯಯನ ಕಲಿಸುವ ಸಂಶೋಧನಾ ವಿನ್ಯಾಸ

ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಸರ್, ಗೂಗಲ್ ಫಾರ್ಮ್‌ನಲ್ಲಿ 200 ಉತ್ತರ ಬಂದಿದೆ, ಈಗ ಯಾವ ಟೆಸ್ಟ್ ಹಾಕಬೇಕು?" ಇದು ಮನೆ ಕಟ್ಟಿಸಿ ಆದ ಮೇಲೆ ಇಂಜಿನಿಯರ್ ಹತ್ರ ಪ್ಲಾನ್ ಕೇಳಿದ ಹಾಗೆ. ಯಾವ ಟೆಸ್ಟ್ ಅನ್ನೋದು ಕೊನೇ ಮಾತು. ಅದಕ್ಕಿಂತ ಮೊದಲು ತೀರ್ಮಾನ ಆಗಬೇಕಾದ್ದು ಬಹಳ ಇದೆ. ಯಾರನ್ನು ಅಳೀಬೇಕು, ಏನನ್ನು ಅಳೀಬೇಕು, ಯಾವುದರ ಜೊತೆ ಹೋಲಿಸಬೇಕು, ಇವನ್ನು ಡೇಟಾ ಕೈಗೆ ಬರುವ ಮುಂಚೆಯೇ ಗಟ್ಟಿ ಮಾಡಿಕೊಳ್ಳೋದಕ್ಕೆ ಸಂಶೋಧನಾ ವಿನ್ಯಾಸ ಅಂತ ಹೆಸರು.

ಬರೀ ವ್ಯಾಖ್ಯಾನ ಹೇಳಿದ್ರೆ ತಲೆಗೆ ಹೋಗಲ್ಲ. ನಮ್ಮ ದೇಶದಲ್ಲೇ ನಡೆದ ಒಂದು ಅಧ್ಯಯನ ತಗೊಳ್ಳೋಣ. ಚೆನ್ನೈನಲ್ಲಿರೋ ನಮ್ಮವರಿಗೆ ಚೆಟ್‌ಪೆಟ್‌ನ ಕ್ಷಯರೋಗ ಸಂಶೋಧನಾ ಸಂಸ್ಥೆ ಗೊತ್ತಿರಬಹುದು. 1956ರಲ್ಲಿ ಅದು ಒಂದು ಸಣ್ಣ ಕೇಂದ್ರವಾಗಿ ಶುರುವಾಯಿತು.

ಸಮಸ್ಯೆ ಏನಿತ್ತು?

ಆಗ ಟಿಬಿ ಬಂದ್ರೆ ಸ್ಯಾನಿಟೋರಿಯಂಗೆ ಸೇರಿಸಬೇಕು ಅನ್ನೋದು ವೈದ್ಯರ ಗಟ್ಟಿ ನಂಬಿಕೆ. ಒಳ್ಳೆ ಗಾಳಿ, ಒಳ್ಳೆ ಊಟ, ತಿಂಗಳುಗಟ್ಟಲೆ ವಿಶ್ರಾಂತಿ. ಆದರೆ ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಸಾವಿರಗಳ ಲೆಕ್ಕದಲ್ಲಿ. ಅಷ್ಟರಲ್ಲಿ ಐಸೋನಿಯಾಜಿಡ್, ಪಿಎಎಸ್ ಅನ್ನೋ ಮಾತ್ರೆಗಳು ಬಂದಿದ್ದವು. ಮನೇಲೇ ಇಟ್ಟುಕೊಂಡು ಮಾತ್ರೆ ಕೊಟ್ರೆ ಸಾಕಾ? "ಹೌದು" ಅಂತ ಉತ್ತರ ಬಂದ್ರೆ ಲಕ್ಷಾಂತರ ಜನ ಬದುಕುತ್ತಾರೆ. "ಹೌದು" ಅಂತ ತಪ್ಪಾಗಿ ಹೇಳಿದ್ರೆ ಅಷ್ಟೇ ಜನ ಸಾಯುತ್ತಾರೆ, ಜೊತೆಗೆ ಮನೆಯವರಿಗೂ ಹರಡುತ್ತೆ.

ಹೆಜ್ಜೆ 1: ಪ್ರಶ್ನೆಯನ್ನು ಬಿಗಿ ಮಾಡೋದು

"ಮನೆ ಚಿಕಿತ್ಸೆ ಒಳ್ಳೇದಾ?" ಅನ್ನೋದು ಸಂಶೋಧನೆಯ ಪ್ರಶ್ನೆ ಅಲ್ಲ, ಹರಟೆಯ ಪ್ರಶ್ನೆ. ಅವರು ಕೇಳಿದ್ದು ಹೀಗೆ: ಮದ್ರಾಸಿನ ಬಡ ರೋಗಿಗಳಿಗೆ ಒಂದೇ ಔಷಧಿಯನ್ನು ಒಂದು ವರ್ಷ ಕೊಟ್ಟರೆ, ಮನೆಯಲ್ಲಿದ್ದವರಿಗೂ ಸ್ಯಾನಿಟೋರಿಯಂನಲ್ಲಿದ್ದವರಿಗೂ ಫಲಿತಾಂಶದಲ್ಲಿ ಎಷ್ಟು ವ್ಯತ್ಯಾಸ? ಇದರಲ್ಲಿ ಯಾರು, ಏನು, ಎಷ್ಟು ಕಾಲ, ಯಾವುದಕ್ಕೆ ಹೋಲಿಕೆ, ನಾಲ್ಕೂ ಇದೆ. ಎರಡೂ ಕಡೆ ಔಷಧಿ ಒಂದೇ ಅನ್ನೋದನ್ನು ಗಮನಿಸಿ. ಔಷಧಿಯೂ ಜಾಗವೂ ಎರಡೂ ಬದಲಾಗಿದ್ರೆ, ವ್ಯತ್ಯಾಸ ಯಾವುದರಿಂದ ಬಂತು ಅಂತ ಹೇಳೋಕೆ ಆಗ್ತಿರಲಿಲ್ಲ.

ಹೆಜ್ಜೆ 2: ಯಾರು ಎಲ್ಲಿಗೆ?

ಇದನ್ನು ಡಾಕ್ಟರಿಗೇ ಬಿಟ್ಟಿದ್ರೆ ಏನಾಗ್ತಿತ್ತು? ಜಾಸ್ತಿ ಕಾಯಿಲೆ ಇರೋರನ್ನು ಪಾಪ ಅಂತ ಸ್ಯಾನಿಟೋರಿಯಂಗೆ ಕಳಿಸ್ತಿದ್ರು. ಆಗ ಮನೆ ಗುಂಪು ಗೆದ್ದರೂ ಅದು ಸುಳ್ಳು ಗೆಲುವು, ಯಾಕಂದ್ರೆ ಅಲ್ಲಿದ್ದೋರು ಮೊದಲಿಂದಲೇ ಗಟ್ಟಿ. ಇದಕ್ಕೆ ಆಯ್ಕೆಯ ಪಕ್ಷಪಾತ ಅಂತಾರೆ. ಮದ್ದು ಒಂದೇ: ಯಾರು ಯಾವ ಗುಂಪಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಹಂಚೋದು. ಆಗ ವಯಸ್ಸು, ಬಡತನ, ರೋಗದ ತೀವ್ರತೆ, ನಮಗೆ ಹೊಳೆಯದೇ ಇರೋ ಕಾರಣಗಳು ಕೂಡ ಎರಡೂ ಕಡೆ ಹೆಚ್ಚುಕಮ್ಮಿ ಸಮನಾಗಿ ಬೀಳುತ್ತವೆ. ನಾವು ಸಾಫ್ಟ್‌ವೇರ್‌ನವರು ಎ/ಬಿ ಟೆಸ್ಟ್‌ನಲ್ಲಿ ಬಳಕೆದಾರರನ್ನು ಹಂಚೋದೂ ಇದೇ ಕಾರಣಕ್ಕೆ.

ಹೆಜ್ಜೆ 3: ಅಳತೆ

"ಹೇಗಿದ್ದೀರಿ?" ಅಂತ ಕೇಳಿ ಬರ್ಕೊಂಡ್ರೆ ಅದು ಅಳತೆ ಆಗಲ್ಲ. ಅವರು ಕಫದ ಪರೀಕ್ಷೆ ಮಾಡಿದ್ರು, ಎಕ್ಸ್‌ರೇ ನೋಡಿದ್ರು. ಮಾತ್ರೆ ನಿಜವಾಗಿ ನುಂಗಿದ್ದಾರಾ ಅಂತ ತಿಳಿಯೋಕೆ ಹೇಳದೇ ಕೇಳದೇ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸಿದ್ರು, ಮೂತ್ರ ಪರೀಕ್ಷೆಯನ್ನೂ ಮಾಡಿದ್ರು. ಅಳೆಯೋರ ಕಣ್ಣಿನ ಬಗ್ಗೆಯೂ ಎಚ್ಚರ ಬೇಕು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೋಮೈಸಿನ್ ಪ್ರಯೋಗದಲ್ಲಿ ಎಕ್ಸ್‌ರೇ ಓದುವವರಿಗೆ ಅದು ಯಾವ ಗುಂಪಿನ ರೋಗಿಯದು ಅಂತ ಗೊತ್ತಾಗದ ಹಾಗೆ ನೋಡಿಕೊಂಡಿದ್ರು. ಗೊತ್ತಿದ್ರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ.

ಹೆಜ್ಜೆ 4: ಫಲಿತಾಂಶ ಓದೋದು

1959ರಲ್ಲಿ ವರದಿ ಬಂತು. ಅಧ್ಯಯನಕ್ಕೆ ಸೇರಿದವರು 193 ರೋಗಿಗಳು. ವರ್ಷದ ಕೊನೆಗೆ ರೋಗ ಹತೋಟಿಗೆ ಬಂದವರು ಮನೆ ಗುಂಪಿನಲ್ಲಿ ಶೇ. 86, ಸ್ಯಾನಿಟೋರಿಯಂ ಗುಂಪಿನಲ್ಲಿ ಶೇ. 92.

"ಹಾಗಾದ್ರೆ ಸ್ಯಾನಿಟೋರಿಯಂ ಗೆದ್ದಿತಲ್ಲ!" ಅಂತೀರಾ? ಸ್ವಲ್ಪ ತಡೀರಿ. ಕೊನೆಯ ಲೆಕ್ಕದಲ್ಲಿ ಒಂದೊಂದು ಗುಂಪಿನಲ್ಲಿ ಇದ್ದವರು ಸುಮಾರು 80 ಜನ. ಶೇ. 6 ಅಂದ್ರೆ ನಾಲ್ಕೈದು ಜನರ ವ್ಯತ್ಯಾಸ. ಇಷ್ಟು ಸಣ್ಣ ಗುಂಪಿನಲ್ಲಿ ಅಷ್ಟು ಅಂತರ ಬರೀ ಆಕಸ್ಮಿಕವಾಗಿಯೂ ಬರಬಹುದು. ಹಾಗಂತ "ಎರಡೂ ಸಮ ಅಂತ ಸಾಬೀತಾಯ್ತು" ಅನ್ನೋದೂ ತಪ್ಪು. ವ್ಯತ್ಯಾಸ ಇದೆ ಅಂತ ಹೇಳೋಕೆ ಸಾಕ್ಷಿ ಸಾಲದು ಅನ್ನೋದು ಒಂದು ಮಾತು, ವ್ಯತ್ಯಾಸವೇ ಇಲ್ಲ ಅನ್ನೋದು ಇನ್ನೊಂದು ಮಾತು. ನಿಮ್ಮ ಥೀಸಿಸ್‌ನಲ್ಲಿ ಇವೆರಡನ್ನೂ ಕಲಸಬೇಡಿ.

ಇನ್ನೊಂದು ವಿಷಯ ನೋಡಿ. ಸ್ಯಾನಿಟೋರಿಯಂನವರಿಗೆ ಊಟ, ವಿಶ್ರಾಂತಿ ಎರಡೂ ಚೆನ್ನಾಗಿತ್ತು. ಮನೆಯವರು ಇಕ್ಕಟ್ಟಿನ ಮನೇಲಿ ಅರೆಹೊಟ್ಟೆಯಲ್ಲಿ ಇದ್ದವರು. ಇಷ್ಟಿದ್ದೂ ಅವರಲ್ಲಿ ಶೇ. 86 ಜನ ಚೇತರಿಸಿಕೊಂಡ್ರು ಅನ್ನೋದೇ ದೊಡ್ಡ ಸುದ್ದಿ. "ಮನೆಯವರಿಗೆ ಹರಡಲ್ವಾ?" ಅನ್ನೋ ಆಕ್ಷೇಪ ಬಂದೇ ಬರುತ್ತೆ ಅಂತ ಗೊತ್ತಿದ್ದರಿಂದ ಎರಡೂ ಗುಂಪಿನ ಮನೆಮಂದಿಯನ್ನೂ ವರ್ಷಗಟ್ಟಲೆ ಗಮನಿಸಿದ್ರು. ಮನೆ ಚಿಕಿತ್ಸೆಯಿಂದ ಅವರಿಗೆ ಅಪಾಯ ಹೆಚ್ಚಾಗಿರಲಿಲ್ಲ. ಒಳ್ಳೆ ವಿನ್ಯಾಸದಲ್ಲಿ ಎದುರಾಳಿಯ ಪ್ರಶ್ನೆಗೂ ಒಂದು ಜಾಗ ಇರುತ್ತೆ.

ಪ್ರಶ್ನೆ ಬದಲಾದ್ರೆ ವಿಧಾನವೂ ಬದಲು

ಹಾಗಂತ ಎಲ್ಲದಕ್ಕೂ ಪ್ರಯೋಗವೇ ಬೇಕು ಅಂತಲ್ಲ. ಮಾತ್ರೆ ಮನೇಲಿ ಕೆಲಸ ಮಾಡುತ್ತೆ, ಸರಿ. ಆದರೆ ಹಳ್ಳಿಯ ರೋಗಿ ಆಸ್ಪತ್ರೆಗೆ ಬರ್ತಾನಾ? "ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ನಾವೇ ಹುಡುಕಿಕೊಂಡು ಹೋಗಬೇಕು" ಅನ್ನೋದು ಸುಲಭವಾದ ಊಹೆ. ಇದನ್ನು ಚೀಟಿ ಎತ್ತಿ ತಿಳಿಯೋಕೆ ಆಗಲ್ಲ, ಹೋಗಿ ಕೇಳಬೇಕು. 1959ರಲ್ಲಿ ಶುರುವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಮ್ಮ ತುಮಕೂರು ಜಿಲ್ಲೆಯಲ್ಲಿ ಅದನ್ನೇ ಮಾಡಿದ್ರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕಫದಲ್ಲಿ ರೋಗಾಣು ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದವರು. ಬಹಳಷ್ಟು ಜನಕ್ಕೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟ್ಲಿ. ಕೊರತೆ ಇದ್ದದ್ದು ಜನರ ತಿಳುವಳಿಕೆಯಲ್ಲಲ್ಲ, ಬಂದವರ ಕಫ ಪರೀಕ್ಷೆ ಮಾಡದ ಆಸ್ಪತ್ರೆಯಲ್ಲಿ. ಇಲ್ಲಿ ಪ್ರಯೋಗ ಇಲ್ಲ. ಸಮೀಕ್ಷೆ ಇದೆ, ಮಾತುಕತೆ ಇದೆ, ಅದನ್ನು ರೋಗಪರೀಕ್ಷೆಯ ಜೊತೆ ಇಟ್ಟು ನೋಡಿದ ವಿಧಾನ ಇದೆ.

ಈಗ ನಿಮ್ಮ ಪ್ರಾಜೆಕ್ಟ್‌ಗೆ ಬನ್ನಿ. "ಆನ್‌ಲೈನ್ ಕ್ಲಾಸ್‌ನಿಂದ ಮಾರ್ಕ್ಸ್ ಕಮ್ಮಿ ಆಗುತ್ತಾ?" ಅಂತ ನಿಮ್ಮ ವಿಷಯ ಅಂದ್ಕೊಳ್ಳಿ. ಕ್ಲಾಸ್‌ನ ವಾಟ್ಸಾಪ್ ಗ್ರೂಪ್‌ಗೆ ಲಿಂಕ್ ಹಾಕಿದ್ರೆ ಉತ್ತರ ಕೊಡೋರು ಯಾವಾಗಲೂ ಫೋನ್ ಹಿಡ್ಕೊಂಡಿರೋರು, ಇಲ್ಲಾ ನಿಮ್ಮ ಸ್ನೇಹಿತರು. ನೆಟ್‌ವರ್ಕ್ ಇಲ್ಲದೆ ಕ್ಲಾಸೇ ಕೇಳದವನು ನಿಮ್ಮ 200ರಲ್ಲಿ ಇರೋದೇ ಇಲ್ಲ. ಯಾರ ಕಥೆ ಹೇಳೋಕೆ ಹೊರಟ್ರೋ ಅವನೇ ಲೆಕ್ಕದಿಂದ ಬಿಟ್ಟು ಹೋದ.

ಅದಕ್ಕೇ ಫಾರ್ಮ್ ಮಾಡೋ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೀರಿ. ನನ್ನ ಪ್ರಶ್ನೆ ಒಂದು ವಾಕ್ಯದಲ್ಲಿ ಏನು? ಯಾರ ಬಗ್ಗೆ ಹೇಳ್ತಿದ್ದೀನಿ, ಅವರನ್ನು ಹೇಗೆ ಆರಿಸ್ತೀನಿ? ಹೋಲಿಕೆ ಯಾವುದರ ಜೊತೆ? ಏನನ್ನು, ಯಾವುದರಿಂದ ಅಳೀತೀನಿ? ಅವರ ಒಪ್ಪಿಗೆ ತಗೊಂಡೆನಾ? ಮಧ್ಯದಲ್ಲಿ ಬಿಟ್ಟುಹೋದವರನ್ನು ವರದಿಯಲ್ಲಿ ಹೇಗೆ ತೋರಿಸ್ತೀನಿ? ಕೊನೆಯದಾಗಿ, ಯಾವ ಉತ್ತರ ಬಂದ್ರೆ ನನ್ನ ಊಹೆ ತಪ್ಪು ಅಂತ ಒಪ್ಕೋತೀನಿ?

ಈ ಕೊನೇ ಪ್ರಶ್ನೆಗೆ ಉತ್ತರ ಬರೆಯೋಕೆ ಆಗದಿದ್ರೆ ಫಾರ್ಮ್ ಇನ್ನೂ ಕಳಿಸಬೇಡಿ. ಆ ಹಾಳೆಯನ್ನು ಮೊದಲು ನಿಮ್ಮ ಗೈಡ್‌ಗೆ ತೋರಿಸಿ.