ಗೋಧಿ ಬಿಟ್ಟರೆ ಖರ್ಚು ಹೆಚ್ಚಲ್ಲ. ಹಿಟ್ಟಿನ ಗಿರಣಿಯಲ್ಲಿ ಎಚ್ಚರ ಇರಲಿ

ಸೀಲಿಯಾಕ್ ಕಾಯಿಲೆ ಇರುವವರು ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನು ಜೀವನಪೂರ್ತಿ ಬಿಡಬೇಕು. ಹಾಗಂತ ‘ಗ್ಲುಟೆನ್ ಫ್ರೀ’ ಎಂದು ಬರೆದ ದುಬಾರಿ ಪ್ಯಾಕೆಟ್‌ಗಳನ್ನೇ ತರಬೇಕಿಲ್ಲ. ಅಕ್ಕಿ, ರಾಗಿ, ಜೋಳ, ನವಣೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ, ರೊಟ್ಟಿ, ಅನ್ನದಲ್ಲೇ ಮನೆ ಊಟ ನಡೆಯುತ್ತದೆ.

ತೊಂದರೆ ಇರೋದು ಬೇರೆ ಕಡೆ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಹಾಕಿಸಿದರೆ ಹಿಟ್ಟು ಬೆರೆಯುತ್ತದೆ. ಗೋಧಿ ಹಾಕದ ಗಿರಣಿ ಹುಡುಕಿ, ಇಲ್ಲವೇ ಮನೆ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳಿ. ಉಪ್ಪಿಟ್ಟಿನ ರವೆ ಗೋಧಿಯದ್ದೇ. ಅಂಗಡಿಯ ಇಂಗಿಗೂ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಹಿಂದೆ ಬರೆದಿರೋದನ್ನು ಓದಿ.

ಅನುಮಾನ ಇದ್ದವರು ತಾವಾಗಿಯೇ ಗೋಧಿ ಬಿಡಬೇಡಿ. ಮೊದಲೇ ಬಿಟ್ಟರೆ ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಗದೇ ಹೋಗಬಹುದು. ಮೊದಲು ವೈದ್ಯರನ್ನು ಕಾಣಿ.