ಮರ ಕೊಯ್ಯುವವರ ಬೂಟಿನೊಳಗೆ ಏನಿದೆ?

ನಿಮ್ಮ ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ: "ಯಾರ ಮನೇಲಿ ಮರ ಕೊಯ್ಯೋ ಮೆಷಿನ್ ಇದೆ?" ತಾಳವಾಡಿ, ಹಾಸನೂರು ಕಡೆಯ ಶಾಲೆಯಾದರೆ ಒಂದೆರಡು ಕೈಯಾದರೂ ಮೇಲೇಳುತ್ತವೆ. ಅಪ್ಪನೋ ಮಾವನೋ, ಹತ್ತನೇ ತರಗತಿಗೇ ಓದು ಬಿಟ್ಟ ಅಣ್ಣನೋ ಆ ಕೆಲಸದಲ್ಲಿರುತ್ತಾರೆ. ಮುಂದಿನ ಪ್ರಶ್ನೆ ಕೇಳಿ: "ಕೆಲಸ ಮಾಡುವಾಗ ಅವರು ಕಾಲಿಗೆ ಏನು ಹಾಕ್ಕೊಳ್ತಾರೆ?" ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಹವಾಯಿ ಚಪ್ಪಲಿ.

ನಾನಿರುವ ಶರವಣಂಪಟ್ಟಿ ಈಗ ಐ.ಟಿ. ಕಂಪನಿಗಳ ಊರು. ಆದರೂ ಚೈನ್ ಸಾ ಸದ್ದು ಇಲ್ಲಿ ಹೊಸದಲ್ಲ. ತೋಟ ಸೈಟಾಗುವಾಗ ಮೊದಲು ಬರುವುದೇ ಆ ಮೆಷಿನ್. ಪೊಳ್ಳಾಚಿ, ಆನೈಮಲೆ ಕಡೆ ತೆಂಗಿಗೆ ಬೇರು ಸೊರಗು ರೋಗ ಬಂದು ರೈತರು ಮರಗಳನ್ನು ಕಡಿಸುತ್ತಿದ್ದಾರೆ. ಮೇಟ್ಟುಪಾಳಯಂನಲ್ಲಿ ಅರಣ್ಯ ಕಾಲೇಜೇ ಇದೆ; ಅದರ ಸುತ್ತಮುತ್ತ ಹೆಬ್ಬೇವು, ಸರ್ವೆ, ನೀಲಗಿರಿ ಮರಗಳನ್ನು ಬೆಳೆಯಂತೆ ಬೆಳೆದು ಕೊಯ್ಯುತ್ತಾರೆ. ಇಷ್ಟೆಲ್ಲ ಮರ ಕೊಯ್ಯುವ ಕೈಗಳ ಬಗ್ಗೆ ಯಾರಾದರೂ ಮಾತಾಡುತ್ತಾರೆ, ಕಾಲುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ಸಲ ಕಾಲಿನ ವಿಜ್ಞಾನ ನೋಡೋಣ. ಒಂಬತ್ತು, ಹತ್ತನೇ ತರಗತಿಯ ಪಾಠಗಳು ಅದರಲ್ಲಿ ಎಷ್ಟು ಅಡಗಿವೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ಮೊದಲು ಒಂದು ಲೆಕ್ಕ. ಬೋರ್ಡಿನ ಮೇಲೆ ಮಕ್ಕಳ ಕೈಯಲ್ಲೇ ಮಾಡಿಸಿ. ಚೈನಿನ ಪಿಚ್ 3/8 ಇಂಚು, ಅಂದರೆ 9.525 ಮಿ.ಮೀ. ಚೈನನ್ನು ಓಡಿಸುವ ಸ್ಪ್ರಾಕೆಟ್‌ಗೆ 7 ಹಲ್ಲು. ಇಲ್ಲೊಂದು ಸಣ್ಣ ತಿರುವು ಇದೆ: ಈ ಚೈನಿನಲ್ಲಿ ಪಿಚ್ ಎಂದರೆ ಸಾಲಾಗಿರುವ ಮೂರು ರಿವೆಟ್‌ಗಳ ದೂರದ ಅರ್ಧ. ಸ್ಪ್ರಾಕೆಟ್ಟಿನ ಒಂದು ಹಲ್ಲು ಎರಡು ಪಿಚ್‌ನಷ್ಟು ಚೈನನ್ನು ಎಳೆಯುತ್ತದೆ. ಹಾಗಾಗಿ ಒಂದು ಸುತ್ತಿಗೆ 2 × 9.525 × 7 = 133 ಮಿ.ಮೀ. ನಿಮಿಷಕ್ಕೆ 10,000 ಸುತ್ತು ಎಂದರೆ ಸೆಕೆಂಡಿಗೆ 166.7 ಸುತ್ತು. ಗುಣಿಸಿದರೆ ಚೈನಿನ ವೇಗ ಸೆಕೆಂಡಿಗೆ ಸುಮಾರು 22 ಮೀಟರ್, ಗಂಟೆಗೆ 80 ಕಿ.ಮೀ. ಸತ್ಯಮಂಗಲ ರಸ್ತೆಯ ಬಸ್ಸು ನಿಮ್ಮ ಪಾದದ ಪಕ್ಕದಲ್ಲಿ ಓಡಿದ ಹಾಗೆ, ಅದೂ ಹಲ್ಲಿರುವ ಬಸ್ಸು.

ಲೆಕ್ಕ ಇನ್ನೂ ಮುಗಿದಿಲ್ಲ. 18 ಇಂಚು ಬಾರಿನ ಚೈನಿಗೆ 66 ಡ್ರೈವ್ ಲಿಂಕ್ ಇದ್ದರೆ ಅದರ ಒಟ್ಟು ಉದ್ದ 1.26 ಮೀಟರ್, ಅದರಲ್ಲಿ ಕತ್ತರಿಸುವ ಹಲ್ಲು 33. ಏನಾದರೂ ತಾಗಿತು ಅಂತ ಮೆದುಳಿಗೆ ತಿಳಿದು ಕಾಲು ಹಿಂದೆ ಬರಲು 0.2 ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ 4.4 ಮೀಟರ್ ಚೈನು ದಾಟಿರುತ್ತದೆ. ನೂರಕ್ಕೂ ಹೆಚ್ಚು ಹಲ್ಲುಗಳು ಒಂದೇ ಜಾಗವನ್ನು ಕೊಯ್ದಿರುತ್ತವೆ. "ಹುಷಾರಾಗಿದ್ರೆ ಸಾಕು, ಬೂಟ್ ಯಾಕೆ" ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಇಷ್ಟು ವೇಗದ ಚೈನನ್ನು ಬೂಟು ಹೇಗೆ ತಡೆಯುತ್ತದೆ? ಒಳಗೆ ಉಕ್ಕಿನ ತಗಡು ಇರುತ್ತೆ ಅಂತ ತುಂಬ ಜನ ತಿಳಿದಿದ್ದಾರೆ. ಬೆರಳಿನ ಮೇಲಿನ ಟೋಪಿ ಮಾತ್ರ ಉಕ್ಕಿನದು. ಪಾದದ ಮೇಲ್ಭಾಗ, ನಾಲಿಗೆ, ಕಣಕಾಲಿನ ಮುಂದೆ ಇರುವುದು ದಾರ! ಚರ್ಮಕ್ಕೂ ಒಳಬಟ್ಟೆಗೂ ನಡುವೆ ಪಾಲಿಯೆಸ್ಟರ್, ನೈಲಾನ್ ಅಥವಾ ಕೆವ್ಲಾರ್‌ನಂತಹ ಎಳೆಗಳನ್ನು ಹಲವು ಪದರಗಳಲ್ಲಿ ಸಡಿಲವಾಗಿ ಜೋಡಿಸಿರುತ್ತಾರೆ. ಚೈನು ಚರ್ಮ ಸೀಳಿ ಒಳಗೆ ಬಂದ ಕೂಡಲೇ ಅದರ ಹಲ್ಲುಗಳು ಈ ಉದ್ದನೆಯ ಎಳೆಗಳನ್ನು ಎಳೆದುಕೊಂಡು ಹೋಗುತ್ತವೆ. ಎಳೆಗಳು ಸ್ಪ್ರಾಕೆಟ್ಟಿಗೆ ಸುತ್ತಿ ಗಂಟಾಗಿ ಚೈನು ನಿಂತುಬಿಡುತ್ತದೆ. ಎಂಜಿನ್ ತಿರುಗುತ್ತಲೇ ಇರಬಹುದು, ನಡುವಿನ ಅಪಕೇಂದ್ರ ಕ್ಲಚ್ ಜಾರುತ್ತದೆ. ಬೈಕಿನ ಚಕ್ರಕ್ಕೆ ಸೀರೆ ಸೆರಗು ಸಿಕ್ಕಿಕೊಂಡದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಅಪಘಾತ ತಂದದ್ದೇ ಇಲ್ಲಿ ಕಾಲು ಉಳಿಸುತ್ತದೆ. ಕೊಯಮತ್ತೂರು, ಈರೋಡಿನ ನಮ್ಮ ದೇವಾಂಗ ಮನೆಗಳ ಮಕ್ಕಳಿಗಂತೂ ನೂಲು ಯಂತ್ರಕ್ಕೆ ಸುತ್ತಿಕೊಂಡರೆ ಏನಾಗುತ್ತೆ ಅಂತ ಪುಸ್ತಕ ಹೇಳಿಕೊಡಬೇಕಾದ್ದಿಲ್ಲ.

ಕೆವ್ಲಾರ್ ಎಳೆಯನ್ನು 1965ರಲ್ಲಿ ಕಂಡುಹಿಡಿದವರು ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್. ಅದೇ ತೂಕದ ಉಕ್ಕಿಗಿಂತ ಐದು ಪಟ್ಟು ಬಲ. ಆದರೆ ಬೂಟಿನಲ್ಲಿ ಬಲ ಒಂದೇ ಸಾಲದು, ಎಳೆ ಸಡಿಲವಾಗಿರಲೇಬೇಕು. ಅದಕ್ಕೊಂದು ಪ್ರಯೋಗ ಇದೆ, ಖರ್ಚಿಲ್ಲದ್ದು. ಹಲಗೆಗೆ ಎರಡು ಮೊಳೆ ಹೊಡೆದು ನಡುವೆ ದಾರವನ್ನು ಬಿಗಿಯಾಗಿ ಕಟ್ಟಿ. ಹ್ಯಾಕ್ಸಾ ಬ್ಲೇಡಿನ ತುದಿಗಳಿಗೆ ಬಟ್ಟೆ ಸುತ್ತಿ, ನೀವೇ ಹಿಡಿದು ದಾರದ ಮೇಲೆ ಎಳೆಯಿರಿ. ಒಂದೆರಡು ಎಳೆತಕ್ಕೆ ದಾರ ಕಡಿದುಹೋಗುತ್ತದೆ. ಈಗ ಮೆಕ್ಯಾನಿಕ್ ಶೆಡ್ಡಿನಲ್ಲಿ ಕೈ ಒರೆಸುವ ಕಾಟನ್ ವೇಸ್ಟ್ ಒಂದು ಹಿಡಿ ತನ್ನಿ (ತಿರುಪ್ಪೂರು ಪಕ್ಕದಲ್ಲಿರುವ ನಮಗೆ ಅದಕ್ಕೇನು ಬರ!). ಒಂದು ತುದಿಗೆ ಕಲ್ಲಿಟ್ಟು ಅದರ ಮೇಲೆ ಬ್ಲೇಡ್ ಎಳೆಯಿರಿ. ಎಳೆಗಳು ಕಡಿಯುವ ಬದಲು ಬ್ಲೇಡಿನ ಹಿಂದೆಯೇ ಬರುತ್ತವೆ, ಹಲ್ಲಿನ ಸಂದಿಗೆಲ್ಲ ತುಂಬಿಕೊಂಡು ಬ್ಲೇಡ್ ಭಾರವಾಗುತ್ತದೆ. ಕತ್ತರಿಸಬೇಕಾದರೆ ವಸ್ತು ಎದುರು ನಿಲ್ಲಬೇಕು. ಓಡಿಹೋಗುವುದನ್ನು ಕತ್ತರಿಸುವುದು ಕಷ್ಟ. ಓಡುವ ಯಂತ್ರದಲ್ಲಿ ಮಾತ್ರ ಇದನ್ನು ತೋರಿಸಲು ಹೋಗಬೇಡಿ, ಸೈಕಲ್ ಚೈನ್ ಕೂಡ ಬೇಡ.

ಈ ಪ್ರಯೋಗದಿಂದ ಇನ್ನೊಂದು ವಿಷಯವೂ ಹೊರಬರುತ್ತದೆ. ಮುಂಭಾಗ ಸೀಳಿದ ಬೂಟನ್ನು ಚಮ್ಮಾರರ ಹತ್ತಿರ ಕೊಟ್ಟು ಒಳಪದರ ಸೇರಿಸಿ ಹೊಲಿಸಿದರೆ ಎಳೆಗಳು ಕಟ್ಟುಬಿದ್ದವು. ಆಮೇಲೆ ಅದು ಬರೀ ದಪ್ಪ ಷೂ. ಒಮ್ಮೆ ಚೈನು ತಗುಲಿ ಎಳೆ ಹೊರಬಂದ ಬೂಟೂ ಅಷ್ಟೇ, ಸುಟ್ಟುಹೋದ ಫ್ಯೂಸ್ ಇದ್ದ ಹಾಗೆ.

ಅಂತರರಾಷ್ಟ್ರೀಯ ಮಾನಕ ಐಎಸ್ಒ 17249 ಈ ಬೂಟುಗಳಿಗೆ ಮಟ್ಟಗಳನ್ನು ಕೊಟ್ಟಿದೆ. ನಿಗದಿತ ವೇಗದ ಚೈನನ್ನು ಬೂಟಿನ ಮೇಲೆ ಇಳಿಸಿ ಪರೀಕ್ಷಿಸುತ್ತಾರೆ: 1ನೇ ಮಟ್ಟಕ್ಕೆ ಸೆಕೆಂಡಿಗೆ 20 ಮೀಟರ್, 2ಕ್ಕೆ 24, 3ಕ್ಕೆ 28. ನಮ್ಮ ಲೆಕ್ಕದ 22 ಮೀಟರ್ ಚೈನಿಗೆ 1ನೇ ಮಟ್ಟ ಸಾಲದು ಅಂತ ಮಕ್ಕಳೇ ಹೇಳುತ್ತಾರೆ. ಬೂಟಿನ ಮೇಲೆ ಚೈನ್ ಸಾ ಚಿತ್ರದ ಗುರುತು, ಪಕ್ಕದಲ್ಲಿ ಮಟ್ಟದ ಅಂಕಿ ಇರಬೇಕು. ಬ್ಯಾಟರಿ, ಕರೆಂಟಿನ ಗರಗಸಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಮೋಟಾರಿಗೆ ಕಡಿಮೆ ವೇಗದಲ್ಲೂ ತಿರುಚು ಬಲ ಜಾಸ್ತಿ, ಎಳೆ ಸುತ್ತಿದರೂ ಪೆಟ್ರೋಲ್ ಎಂಜಿನ್ನಿನಷ್ಟು ಸುಲಭವಾಗಿ ನಿಲ್ಲದೇ ಇರಬಹುದು.

ಗಾಂಧಿಪುರದ ಒಂದು ಅಂಗಡಿಯಲ್ಲಿ ಇಂಥ ಬೂಟು ಕೇಳಿದೆ. ಮಾಮೂಲಿ ಸೇಫ್ಟಿ ಷೂ ಮುಂದಿಟ್ಟು ಅವರು ಹೇಳಿದ್ದು: "ಸೇಫ್ಟಿ ಷೂ ಅಂದ್ರೆ ಎಲ್ಲಾದಕ್ಕೂ ಸೇಫ್ಟಿನೇ ಸಾರ್." ಹಾಗಲ್ಲ. ನಮ್ಮ ದೇಶದ ಐಎಸ್ 15298 ಮಾನಕದ 2ನೇ ಭಾಗದ ಷೂ ಬೆರಳಿನ ಮೇಲೆ 200 ಜೂಲ್ ಹೊಡೆತ ತಡೆಯಬೇಕು, 3ನೇ ಭಾಗದ್ದು 100 ಜೂಲ್, 4ನೇ ಭಾಗದ್ದಕ್ಕೆ ಬೆರಳಿನ ಟೋಪಿಯೇ ಬೇಕಿಲ್ಲ. ಮೂರೂ ನೋಡಲು ಒಂದೇ ಥರ. 200 ಜೂಲ್ ಎಷ್ಟು ಅಂತ mgh ಹಾಕಿ ನೋಡಿ: 20 ಕಿಲೋ ತೂಕ ಒಂದು ಮೀಟರ್ ಮೇಲಿಂದ ಬಿದ್ದಷ್ಟು. ದಿಮ್ಮಿ ಉರುಳಿದರೆ ಇದು ಬೆರಳು ಉಳಿಸುತ್ತದೆ, ಆದರೆ ಚೈನು ಬೀಳುವುದು ಹೆಚ್ಚಾಗಿ ಟೋಪಿಯ ಹಿಂದೆ, ಲೇಸು ಕಟ್ಟುವ ಜಾಗಕ್ಕೆ. ಶರವಣಂಪಟ್ಟಿಗೂ ಗಾಂಧಿಪುರಕ್ಕೂ ನಡುವಿನ ಗಣಪತಿಯಲ್ಲಿ ಫೌಂಡ್ರಿಗಳಿವೆ. ಕರಗಿದ ಕಬ್ಬಿಣದ ಹನಿ ಒಳಗೆ ಬಿದ್ದರೆ ಕ್ಷಣದಲ್ಲಿ ಕಳಚಿ ಎಸೆಯಬೇಕಲ್ಲ, ಹಾಗಾಗಿ ಅಲ್ಲಿಗೆ ಲೇಸಿಲ್ಲದ ಬೂಟು ಒಳ್ಳೆಯದು. ಇಳಿಜಾರಲ್ಲಿ ದಿಮ್ಮಿಗಳ ನಡುವೆ ನಿಲ್ಲುವ ಮರದ ಕೆಲಸದವನಿಗೆ ಕಣಕಾಲನ್ನು ಬಿಗಿಯಾಗಿ ಹಿಡಿಯುವ ಲೇಸೇ ಬೇಕು.

ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಬಿದ್ದ ಮರದ ಕೊಂಬೆ ಕೊಯ್ಯುತ್ತಿದ್ದ. ಆಕ್ಸಿಲರೇಟರ್ ಬಿಟ್ಟು ಮೆಷಿನ್ ಕೆಳಗಿಳಿಸಿದ. ಬಿಟ್ಟ ಕೂಡಲೇ ಚೈನು ನಿಲ್ಲುವುದಿಲ್ಲ, ಜಡತ್ವದಿಂದ ಇನ್ನೂ ಸ್ವಲ್ಪ ಹೊತ್ತು ಓಡುತ್ತದೆ. ಮೆಷಿನ್ ಹಿಡಿದವರ ಎಡಗಾಲು ಸಾಮಾನ್ಯವಾಗಿ ಮುಂದಿರುತ್ತದೆ. ಕ್ಯಾನ್ವಾಸ್ ಷೂ ಹಾಕಿದ್ದ, ಎಡಗಾಲಿನ ಎರಡು ಬೆರಳು ಹೋದವು. ನ್ಯೂಟನ್ನನ ಮೊದಲ ನಿಯಮಕ್ಕೆ ಪರೀಕ್ಷೆಯಲ್ಲಿ ಅವನು ಪೂರ್ತಿ ಅಂಕ ತೆಗೆದಿದ್ದ ಹುಡುಗ. ಬಸ್ಸು ಬ್ರೇಕ್ ಹಾಕಿದಾಗ ಮುಂದಕ್ಕೆ ಬಾಗುವ ಪ್ರಯಾಣಿಕನನ್ನು ಬಿಟ್ಟು ಬೇರೆ ಉದಾಹರಣೆ ನಾವು ಯಾವಾಗ ಕೊಟ್ಟಿದ್ದೇವೆ ಹೇಳಿ?

ಬೂಟು ಸಿಕ್ಕರೂ ಹಾಕ್ಕೊಳ್ಳದಿರಲು ಕಾರಣ ಇದೆ, ಅದನ್ನು ಸೋಮಾರಿತನ ಅನ್ನಬೇಡಿ. ಬೆಲೆ ಹಲವು ಸಾವಿರ. ತೂಕ ಜೋಡಿಗೆ ಎರಡು ಕಿಲೋ ಆಸುಪಾಸು. ಕಾಲು ಒಂದು ಲೋಲಕ, ತೂಕ ಇರುವುದು ಅದರ ತುದಿಯಲ್ಲಿ. ಜಡತ್ವ ಭ್ರಾಮಕ ದೂರದ ವರ್ಗಕ್ಕೆ ಅನುಪಾತ. ಹಾಗಾಗಿ ಪಾದದಲ್ಲಿನ ಒಂದು ಕಿಲೋ ಬೆನ್ನಿನ ಮೇಲಿನ ಒಂದು ಕಿಲೋಗಿಂತ ಎಷ್ಟೋ ಹೆಚ್ಚು ದಣಿಸುತ್ತದೆ. ಅಳತೆಯದೂ ತೊಂದರೆ. ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ನಡೆಯುವವರ ಪಾದಗಳನ್ನು ಬೆಲ್ಜಿಯಂ ವಿಜ್ಞಾನಿಗಳು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಪಾದಗಳು ಅಗಲವಾಗಿರುವುದು ಕಂಡುಬಂತು. ವಿದೇಶಿ ಅಚ್ಚಿನ ಬೂಟಿನಲ್ಲಿ ಅಂಥ ಪಾದ ಹಿಡಿದುಕೊಳ್ಳದೆ ಇನ್ನೇನಾಗುತ್ತದೆ? ಉದ್ದ ಒಂದೇ ನೋಡಿ ಕೊಳ್ಳಬಾರದು. ಸಂಜೆ ಪಾದ ಸ್ವಲ್ಪ ಊದಿರುವಾಗ, ದಪ್ಪ ಕಾಲುಚೀಲ ಹಾಕಿ, ನಡೆದು ನೋಡಿ ಕೊಳ್ಳಬೇಕು. ನೀಲಗಿರಿಯ ಮಳೆಗೆ ಎಳೆಪದರ ಇರುವ ರಬ್ಬರ್ ಬೂಟು ಆದೀತು. ಕೊಯಮತ್ತೂರಿನ ಮಾರ್ಚ್ ತಿಂಗಳಿಗೆ ಅದು ಒಲೆ. ಇಲ್ಲಿಗೆ ಬೆವರನ್ನು ಆವಿಯಾಗಿ ಹೊರಬಿಡುವ ಚರ್ಮವೇ ಸರಿ. ಚರ್ಮಕ್ಕೇನೂ ನಮ್ಮಲ್ಲಿ ಕೊರತೆಯಿಲ್ಲ. ಆಂಬೂರು, ವಾಣಿಯಂಬಾಡಿಯ ಷೂ ಹೊರದೇಶಕ್ಕೆ ಹೋಗುತ್ತದೆ, 1948ರಿಂದ ಚೆನ್ನೈಯಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯೇ ಇದೆ. ಆದರೂ ನಮ್ಮ ಮರದ ಕೆಲಸದವನ ಪಾದದ ಅಗಲಕ್ಕೆ, ಅವನ ಜೇಬಿಗೆ ಹೊಂದುವ ಬೂಟು ಪೇಟೆಯಲ್ಲಿ ಸುಲಭವಾಗಿ ಸಿಗದಿರುವುದು ನನಗೆ ಸರಿ ಕಾಣುವುದಿಲ್ಲ.

ಬಾಳಿಕೆಯ ಮಾತಿಗೆ ಬಂದರೆ ಬೂಟನ್ನು ಕೊಲ್ಲುವುದು ಕೆಲಸಕ್ಕಿಂತ ಹೆಚ್ಚಾಗಿ ನಾವು ಇಡುವ ರೀತಿ. ಒದ್ದೆ ಬೂಟನ್ನು ಒಲೆಯ ಪಕ್ಕ ಒಣಗಿಸುತ್ತಾರೆ. ಚರ್ಮ ಎಂದರೆ ಕೊಲಾಜನ್ ಪ್ರೋಟೀನ್. ಹದ ಮಾಡದ ಹಸಿ ಚರ್ಮ ನೀರಿನಲ್ಲಿ 60–65 ಡಿಗ್ರಿಗೇ ಮುದುಡುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ್ದು 100 ಡಿಗ್ರಿ ಆಸುಪಾಸಿನವರೆಗೆ ತಡೆಯುತ್ತದೆ, ತಂಗಡಿ ತೊಗಟೆಯಂಥ ಸಸ್ಯ ಟ್ಯಾನಿನ್‌ನ ಹದಕ್ಕೆ ಅಷ್ಟು ತಾಳಿಕೆಯಿಲ್ಲ. ಮುದುಡದಿದ್ದರೂ ಬೆಂಕಿಯ ಪಕ್ಕ ಚರ್ಮ ಗಟ್ಟಿಯಾಗಿ ಬಿರಿಯುತ್ತದೆ. ನೆರಳಲ್ಲಿ, ಒಳಗೆ ಹಳೇ ಪೇಪರ್ ತುರುಕಿ ಒಣಗಿಸಬೇಕು. ಬಿಸಿಲೂ ಬೇಡ, ಬ್ಲೀಚಿಂಗ್ ಪೌಡರೂ ಬೇಡ. ಕೆವ್ಲಾರ್‌ಗೆ ಅತಿನೇರಳೆ ಕಿರಣವೂ ಕ್ಲೋರಿನ್ನೂ ಆಗುವುದಿಲ್ಲ.

ಇನ್ನು ಅಟ್ಟು. "ಹೊಸ ಬೂಟು, ಪೆಟ್ಟಿಗೆಯಲ್ಲೇ ಜೋಪಾನವಾಗಿ ಇಟ್ಟಿದ್ದೆ, ಹಾಕಿದ ದಿನವೇ ಅಟ್ಟು ಪುಡಿಯಾಯ್ತು" ಅನ್ನುವ ದೂರು ನೀವೂ ಕೇಳಿರಬಹುದು. ಎಸ್ಟರ್ ಬಗೆಯ ಪಾಲಿಯುರಿಥೇನ್ ಅಟ್ಟು ಗಾಳಿಯ ತೇವಾಂಶದಿಂದ ನಿಧಾನವಾಗಿ ಜಲವಿಭಜನೆ ಹೊಂದುತ್ತದೆ. ಹತ್ತನೇ ತರಗತಿಯ ಎಸ್ಟರೀಕರಣವನ್ನು ಹಿಂದುಮುಂದಾಗಿ ಬರೆದ ಹಾಗೆ. ಬಿಸಿ, ತೇವ, ಗಾಳಿಯಾಡದ ಪ್ಲಾಸ್ಟಿಕ್ ಚೀಲ ಮೂರೂ ಸೇರಿದರೆ ಇನ್ನೂ ಬೇಗ. ಹಳೆಯ ದಾಸ್ತಾನು ರಿಯಾಯಿತಿಗೆ ಸಿಗುತ್ತದೆ ಅಂತ ಕೊಳ್ಳುವ ಮುನ್ನ ತಯಾರಾದ ವರ್ಷ ನೋಡಿ. ಬೂಟನ್ನು ಮಡಿಸಿ ಅಟ್ಟಿನ ಬಗ್ಗುವ ಜಾಗದಲ್ಲಿ ಸಣ್ಣ ಬಿರುಕು ಇದೆಯಾ ಅಂತ ಉಗುರಲ್ಲಿ ಒತ್ತಿ ನೋಡಿ. ರಬ್ಬರ್ ಅಟ್ಟಾದರೆ ಈ ಭಯ ಕಡಿಮೆ.

ಮುಂದಿನ ಪೋಷಕರ ಸಭೆಗೆ ಆ ಹಲಗೆ, ಹ್ಯಾಕ್ಸಾ ಬ್ಲೇಡು, ಕಾಟನ್ ವೇಸ್ಟ್ ಮೂರನ್ನೂ ಮೇಜಿನ ಮೇಲಿಡಿ. ಮರದ ಕೆಲಸದ ಅಪ್ಪ ಬಂದರೆ ಮೆಷಿನ್ನಿನ ಪಿಚ್ ಎಷ್ಟು, ಸ್ಪ್ರಾಕೆಟ್‌ಗೆ ಹಲ್ಲೆಷ್ಟು ಅಂತ ಅವರನ್ನೇ ಕೇಳಿ, ಮಗನ ಕೈಯಲ್ಲಿ ವೇಗದ ಲೆಕ್ಕ ಮಾಡಿಸಿ. ಬೂಟು ಕೊಳ್ಳಲಾಗದವರಿಗೂ ಎರಡು ಮಾತು ಹೇಳಬಹುದು: ಚೈನು ಪೂರ್ತಿ ನಿಂತ ಮೇಲೆ ಮಾತ್ರ ಹೆಜ್ಜೆ ಎತ್ತಿಡಿ, ದಿನಾ ಬೆಳಿಗ್ಗೆ ಚೈನ್ ಬ್ರೇಕ್ ಹಿಡಿಯುತ್ತಾ ನೋಡಿ. ಚಪ್ಪಲಿಯ ಬದಲು ಐಎಸ್ 15298ರ 2ನೇ ಭಾಗದ ಷೂ ಹಾಕಿದರೆ ಜಾರುವುದು, ದಿಮ್ಮಿ ಬೀಳುವುದು ಇವೆರಡಕ್ಕಾದರೂ ರಕ್ಷಣೆ ಸಿಗುತ್ತದೆ. ಚೈನಿಗಲ್ಲ. ಅದನ್ನೂ ಬಿಡಿಸಿ ಹೇಳಿ.